ಊರು ಮಲಗಿದ ಮೇಲೆ: ಮಾಫಿಯಾ ಆಡೋದು, ಆಡಿಸೋದು ಹೇಗೆ?

ಈ ಸಲ ಫ್ರೆಶರ್ಸ್ ಬಂದ ಮೇಲೆ ಕನ್ನಡ ಸಂಘದ ವಾಟ್ಸಾಪ್ ಗ್ರೂಪಿಗೆ ಅತಿ ಹೆಚ್ಚು ಬಂದ ಪ್ರಶ್ನೆ ಸಿ ಪ್ರೋಗ್ರಾಮಿಂಗ್ ನೋಟ್ಸ್ ಬಗ್ಗೆ ಅಲ್ಲ. "ಅಣ್ಣಾ, ಅವತ್ತು ಮಾಫಿಯಾ ಆಡಿಸಿದ್ರಲ್ಲ, ಅದನ್ನ ನಮ್ಮ ಬ್ಲಾಕಲ್ಲಿ ನಾವೇ ಆಡ್ಸೋದು ಹೇಗೆ?" ಅನ್ನೋದು. ಒಬ್ಬೊಬ್ಬರಿಗೂ ಹತ್ತು ನಿಮಿಷದ ವಾಯ್ಸ್ ನೋಟ್ ಕಳಿಸಿ ಸಾಕಾಗಿ, ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೀವಿ. ನಾವೇನೂ ಇದರಲ್ಲಿ ಪಂಡಿತರಲ್ಲ. ಹೋದ ವರ್ಷ ಮೊದಲ ಸಲ ಆಡಿಸಿದಾಗ ಪೂರ್ತಿ ಎಡವಟ್ಟಾಗಿತ್ತು. ಈ ಲೇಖನದಲ್ಲಿರೋ ಅರ್ಧಕ್ಕರ್ಧ ಸಲಹೆಗಳು ಆ ಒಂದು ರಾತ್ರಿಯ ತಪ್ಪುಗಳಿಂದಲೇ ಹುಟ್ಟಿದ್ದು.

ಚಿಕ್ಕವರಿದ್ದಾಗ 'ರಾಜ ರಾಣಿ ಕಳ್ಳ ಪೊಲೀಸ್' ಆಡಿರ್ತೀರಿ. ನಾಲ್ಕು ಚೀಟಿ ಮಡಚಿ ನೆಲಕ್ಕೆ ಎಸೆಯೋದು, ಒಬ್ಬೊಬ್ಬರು ಒಂದೊಂದು ಎತ್ಕೊಳ್ಳೋದು, ಪೊಲೀಸ್ ಆದವನು ಮುಖ ನೋಡಿ ಕಳ್ಳನನ್ನ ಹಿಡಿಯೋದು. ಅಂಕದ ಲೆಕ್ಕ ಊರಿಂದ ಊರಿಗೆ ಬೇರೆ. ಆ ಆಟದ ಮಜಾ ಎಲ್ಲಾ ಇರೋದು ಕಳ್ಳ ನಗು ತಡ್ಕೊಳ್ಳೋ ಹತ್ತು ಸೆಕೆಂಡಿನಲ್ಲಿ. ಮಾಫಿಯಾ ಅಂದ್ರೆ ಆ ಹತ್ತು ಸೆಕೆಂಡನ್ನ ಮುಕ್ಕಾಲು ಗಂಟೆಗೆ ಎಳೆದು, ನಾಲ್ಕು ಜನರ ಬದಲು ಹತ್ತು ಹನ್ನೆರಡು ಜನರನ್ನ ಕೂರಿಸಿ, ಎಲ್ಲರಿಗೂ ಪೊಲೀಸ್ ಕೆಲಸ ಕೊಟ್ಟ ಹಾಗೆ.

ಇದನ್ನ ಹುಟ್ಟುಹಾಕಿದ್ದೂ ಒಂದು ಕ್ಯಾಂಪಸ್ಸೇ. 1980ರ ದಶಕದ ಕೊನೆಯ ಭಾಗದಲ್ಲಿ ಮಾಸ್ಕೋ ಸ್ಟೇಟ್ ಯೂನಿವರ್ಸಿಟಿಯ ಮನಶ್ಶಾಸ್ತ್ರ ವಿಭಾಗದಲ್ಲಿದ್ದ ದಿಮಿತ್ರಿ ಡೇವಿಡಾಫ್ ಇದರ ಜನಕ. ಅಲ್ಲಿನ ತರಗತಿ, ಹಾಸ್ಟೆಲ್‌ಗಳಿಂದ ಆಟ ಬೇರೆ ದೇಶಗಳಿಗೆ ಹಬ್ಬಿತು. 1997ರಲ್ಲಿ ಅಮೆರಿಕದ ಆಂಡ್ರ್ಯೂ ಪ್ಲಾಟ್ಕಿನ್ ಅದೇ ನಿಯಮಗಳಿಗೆ ಹಳ್ಳಿ, ರಾತ್ರಿ ತೋಳವಾಗುವ ಮನುಷ್ಯರು ಅಂತ ವೇಷ ಹಾಕಿಸಿದರು, ಅದೇ 'ವೇರ್‌ವುಲ್ಫ್'. 2018ರಲ್ಲಿ ಬಂದು 2020ರ ಲಾಕ್‌ಡೌನ್‌ನಲ್ಲಿ ನಮ್ಮೆಲ್ಲರ ಆನ್‌ಲೈನ್ ಕ್ಲಾಸ್ ನುಂಗಿದ 'ಅಮಾಂಗ್ ಅಸ್' ಕೂಡ ಇದೇ ವಂಶದ್ದು. ಎಲ್ಲದರ ಒಳಗಿರೋ ಯಂತ್ರ ಒಂದೇ: ಎಲ್ಲಾ ಗೊತ್ತಿರೋ ಕೆಲವೇ ಜನ ಒಂದು ಕಡೆ, ಏನೂ ಗೊತ್ತಿಲ್ಲದ ತುಂಬಾ ಜನ ಇನ್ನೊಂದು ಕಡೆ.

ನಿಯಮ ಬೇಗ ಹೇಳಿ ಮುಗಿಸ್ತೀವಿ. ಎಲ್ಲರೂ ದುಂಡಗೆ ಕೂತ್ಕೊಳ್ಳಿ. ಆಡಿಸುವವರು ಒಬ್ಬರು ಹೊರಗೆ. ಚೀಟಿ ಹಂಚಿ: ಇಬ್ಬರು ಮಾಫಿಯಾ, ಒಬ್ಬರು ಪೊಲೀಸ್, ಒಬ್ಬರು ಡಾಕ್ಟರ್, ಉಳಿದವರು ಊರವರು. ಇಸ್ಪೀಟ್ ಎಲೆ ಇದ್ರೆ ಇನ್ನೂ ಸುಲಭ, ಎಕ್ಕ ಬಂದವರು ಮಾಫಿಯಾ, ರಾಜ ಪೊಲೀಸ್, ರಾಣಿ ಡಾಕ್ಟರ್. ಆದ್ರೆ ಹಾಸ್ಟೆಲ್ ರೂಮಲ್ಲಿ ಇಸ್ಪೀಟ್ ಸಿಕ್ಕಿದ್ರೆ ವಾರ್ಡನ್‌ಗೆ "ಸರ್, ಇದು ಬೇರೆ ಆಟ" ಅಂತ ನಂಬಿಸೋದು ಮಾಫಿಯಾ ಆಗಿ ಗೆಲ್ಲೋದಕ್ಕಿಂತ ಕಷ್ಟ. ಚೀಟಿಯೇ ವಾಸಿ.

ರಾತ್ರಿ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಮಾಫಿಯಾ ಮಾತ್ರ ಕಣ್ಣು ಬಿಟ್ಟು, ಸದ್ದಿಲ್ಲದೆ ಒಬ್ಬರ ಕಡೆ ಬೆರಳು ತೋರಿಸ್ತಾರೆ. ಅವರು ಮಲಗಿದ ಮೇಲೆ ಡಾಕ್ಟರ್ ಎದ್ದು ಒಬ್ಬರನ್ನ ಉಳಿಸಬಹುದು. ಆಮೇಲೆ ಪೊಲೀಸ್ ಎದ್ದು ಒಬ್ಬರ ಕಡೆ ಕೈ ತೋರಿಸಿದ್ರೆ, ಆಡಿಸುವವರು ತಲೆಯಾಡಿಸಿ ಹೌದು ಅಥವಾ ಅಲ್ಲ ಅಂತಾರೆ. ಬೆಳಗಾಗುತ್ತೆ, ಯಾರು ಹೋದರು ಅಂತ ಘೋಷಣೆ. ಬದುಕಿರುವವರು ಚರ್ಚೆ ಮಾಡಿ, ವೋಟ್ ಹಾಕಿ, ಒಬ್ಬರನ್ನ ಔಟ್ ಮಾಡ್ತಾರೆ. ಮಾಫಿಯಾ ಪೂರ್ತಿ ಔಟಾದ್ರೆ ಊರು ಗೆದ್ದ ಹಾಗೆ. ಮಾಫಿಯಾ ಮತ್ತು ಉಳಿದವರ ಸಂಖ್ಯೆ ಸಮ ಆದ್ರೆ ಮಾಫಿಯಾ ಗೆದ್ದ ಹಾಗೆ.

ಈ ಔಟ್ ಮಾಡೋದಕ್ಕೆ ಮೊದಮೊದಲು ನಾವು 'ಬಹಿಷ್ಕಾರ' ಅಂತಿದ್ವಿ. ಕೇಳೋಕೆ ಗತ್ತಾಗಿತ್ತು. ನಮ್ಮ ಸಂಘದ ಒಬ್ಬ ಗೆಳತಿ, ಅವರ ಊರಲ್ಲಿ ಆ ಪದ ಆಟದ ಪದ ಅಲ್ಲ, ನೀರು ಅಂಗಡಿ ಎಲ್ಲಾ ನಿಂತುಹೋಗೋ ಪದ ಅಂತ ಮೆಲ್ಲಗೆ ಹೇಳಿದಳು. ಅವತ್ತಿಂದ ಬರೀ 'ಔಟ್'.

ಈಗ ಎಷ್ಟು ಜನಕ್ಕೆ ಎಷ್ಟು ಮಾಫಿಯಾ? ಎಲ್ಲರೂ ಮಾಡೋ ಮೊದಲ ತಪ್ಪು ಇಲ್ಲೇ. "ಹತ್ತು ಜನ ಇದೀವಿ, ಮೂರು ಮಾಫಿಯಾ ಇಡೋಣ, ಮಜಾ ಬರುತ್ತೆ" ಅಂತಾರೆ. ನಾವು ಒಂದು ಸಂಜೆ ಕೂತು ಪ್ರಾಬಬಿಲಿಟಿ ಲೆಕ್ಕ ಹಾಕಿದ್ವಿ (ಲ್ಯಾಬ್ ರೆಕಾರ್ಡ್ ಬರೀಬೇಕಿದ್ದ ಸಂಜೆ ಅದು). ಪೊಲೀಸ್, ಡಾಕ್ಟರ್ ಯಾರೂ ಇಲ್ಲ, ಆಟ ರಾತ್ರಿಯಿಂದ ಶುರು, ಹಗಲಲ್ಲಿ ಊರವರು ತಲೆ ಓಡಿಸದೆ ಚೀಟಿ ಎತ್ತಿದ ಹಾಗೆ ಯಾರನ್ನೋ ಔಟ್ ಮಾಡ್ತಾರೆ ಅಂದ್ಕೊಳ್ಳಿ. 10 ಜನರಲ್ಲಿ 1 ಮಾಫಿಯಾ ಇದ್ರೆ, ಮಾಫಿಯಾ ಗೆಲ್ಲೋ ಸಾಧ್ಯತೆ ಸುಮಾರು 41%. 2 ಇದ್ರೆ ಅದು 70%ಕ್ಕೆ ಹಾರುತ್ತೆ. 3 ಇದ್ರೆ 89%. ಅಂದ್ರೆ ಮೂರು ಮಾಫಿಯಾ ಇಟ್ರೆ ಊರವರು ಆಡೋಕೆ ಬಂದಿಲ್ಲ, ಸಾಯೋಕೆ ಬಂದಿದ್ದಾರೆ ಅಂತ ಅರ್ಥ. ಎರಡು ಮಾಫಿಯಾ ಇಟ್ಟು, ಪೊಲೀಸ್ ಮತ್ತು ಡಾಕ್ಟರ್ ಸೇರಿಸಿದ್ರೆ, ಊರವರು ಸ್ವಲ್ಪ ಬುದ್ಧಿ ಉಪಯೋಗಿಸಿದ್ರೆ, ತಕ್ಕಡಿ ಸರಿಯಾಗುತ್ತೆ. ಇದರ ಬಗ್ಗೆ ಬ್ರೇವರ್‌ಮನ್, ಎತೆಸಾಮಿ, ಮೊಸೆಲ್ ಅನ್ನೋ ಮೂವರು 2008ರಲ್ಲಿ ಒಂದು ಗಣಿತದ ಪೇಪರನ್ನೇ ಪ್ರಕಟಿಸಿದ್ದಾರೆ. ಪೊಲೀಸ್ ಇಲ್ಲದ ಆಟದಲ್ಲಿ ಎರಡೂ ಕಡೆಗೆ ಅವಕಾಶ ಇರಬೇಕಾದ್ರೆ ಮಾಫಿಯಾ ಸಂಖ್ಯೆ ಒಟ್ಟು ಜನರ ವರ್ಗಮೂಲದ ಲೆಕ್ಕದಲ್ಲಿ ಮಾತ್ರ ಏರಬೇಕು, ಪೊಲೀಸ್ ಇದ್ದರೆ ಜನಸಂಖ್ಯೆಯ ಒಂದು ಭಾಗದಷ್ಟೇ ಇಡಬಹುದು ಅನ್ನೋದು ಅದರ ಸಾರ. ಪ್ರಾಬಬಿಲಿಟಿ ಯಾಕಪ್ಪಾ ಕಲೀಬೇಕು ಅನ್ನೋ ಜೂನಿಯರ್ಸ್ ಗಮನಿಸಿ.

ಆ ಲೆಕ್ಕದಲ್ಲೇ ನಮಗೆ ಇನ್ನೊಂದು ವಿಚಿತ್ರ ಸಿಕ್ಕಿತು. ಬೆಳಗ್ಗೆ ಮೂರೇ ಜನ ಉಳಿದಿದ್ದಾರೆ, ಒಬ್ಬ ಮಾಫಿಯಾ. ಊರು ಗೆಲ್ಲೋ ಸಾಧ್ಯತೆ 1/3. ಇನ್ನೊಬ್ಬ ಒಳ್ಳೆಯವನನ್ನ ಸೇರಿಸಿ, ನಾಲ್ಕು ಜನ ಮಾಡಿ. ಊರಿಗೆ ಲಾಭ ಆಗ್ಬೇಕಲ್ವಾ? ಆಗಲ್ಲ. ತಪ್ಪು ವೋಟ್ ಬಿದ್ದರೆ ರಾತ್ರಿ ಇನ್ನೊಬ್ಬ ಹೋಗಿ ಒಂದಕ್ಕೊಂದು ಸಮ, ಆಟ ಮುಗೀತು. ಸಾಧ್ಯತೆ 1/4ಕ್ಕೆ ಇಳಿಯುತ್ತೆ. ಹಾಗಾಗಿ ಬೆಳಗ್ಗೆ ಸಮಸಂಖ್ಯೆ ಇದ್ದು ಯಾರ ಮೇಲೂ ಗಟ್ಟಿ ಅನುಮಾನ ಇಲ್ಲದಿದ್ರೆ 'ಇವತ್ತು ಯಾರನ್ನೂ ಔಟ್ ಮಾಡಲ್ಲ' ಅನ್ನೋದೇ ಜಾಣತನ. ಆ ಆಯ್ಕೆ ಇದೆ ಅಂತ ಆಡಿಸುವವರು ಮೊದಲೇ ಹೇಳಿರಬೇಕು. ಆಟ ಶುರು ಮಾಡುವಾಗಲೂ 8, 10, 12 ಹೀಗೆ ಸಮಸಂಖ್ಯೆ ಇಟ್ಕೊಳ್ಳಿ, ಮೊದಲ ರಾತ್ರಿ ಒಬ್ಬರು ಹೋಗಿ ಬೆಳಗ್ಗೆ ಬೆಸ ಆಗುತ್ತೆ.

ಆಡಿಸುವವರಿಗೆ ನಾವಿಟ್ಟ ಹೆಸರು ಭಾಗವತರು. ಉಡುಪಿ ಕಡೆಯ ಗೆಳೆಯನ ಐಡಿಯಾ ಇದು. ಯಕ್ಷಗಾನದಲ್ಲಿ ಭಾಗವತರು ವೇಷ ಹಾಕಲ್ಲ, ಆದ್ರೆ ಅವರ ಹಾಡು, ಜಾಗಟೆ ಇಲ್ಲದೆ ಒಬ್ಬ ವೇಷಧಾರಿಯೂ ಹೆಜ್ಜೆ ಇಡಲ್ಲ. ಇಲ್ಲೂ ಅಷ್ಟೇ. ಭಾಗವತರು ಚೆನ್ನಾಗಿದ್ರೆ ಸಪ್ಪೆ ಗುಂಪೂ ಚೆನ್ನಾಗಿ ಆಡುತ್ತೆ.

ಭಾಗವತರ ಮೊದಲ ಕೆಲಸ ಗುಟ್ಟು ಕಾಯೋದು. ಇದು ಕನ್ನಡದಲ್ಲಿ ಆಡಿಸುವಾಗ ಇಂಗ್ಲಿಷಿಗಿಂತ ಕಷ್ಟ, ನಾವು ಪೆಟ್ಟು ತಿಂದೇ ಕಲಿತಿದ್ದು. ನಾವು ಇಂಗ್ಲಿಷ್ ಮೀಡಿಯಂ ಪೈಕಿ, ಸ್ಕೂಲಲ್ಲಿ 'ಡಾಕ್ಟರ್, ವೇಕ್ ಅಪ್' ಅಂತಲೇ ಆಡಿದವರು. ಆ ಭಾಷೆಯ ಕ್ರಿಯಾಪದಕ್ಕೆ ಗಂಡು ಹೆಣ್ಣು ಇಲ್ಲ. ಕನ್ನಡದ್ದಕ್ಕೆ ಇದೆ! ಹತ್ತು ಜನರಲ್ಲಿ ಇಬ್ಬರೇ ಹುಡುಗಿಯರಿದ್ದ ಆಟದಲ್ಲಿ ನಾವು, ಎಲ್ಲರೂ ಕಣ್ಣು ಮುಚ್ಚಿಕೊಂಡಿರುವಾಗ, "ತಾಳಿ, ಡಾಕ್ಟರ್ ಇನ್ನೂ ಯೋಚನೆ ಮಾಡ್ತಿದ್ದಾಳೆ" ಅಂದುಬಿಟ್ವಿ. ಕತ್ತಲಲ್ಲಿ ಕಿಸಕ್ ಅಂತ ನಗು. ಮುಂದಿನ ರಾತ್ರಿ ಮಾಫಿಯಾಗೆ ಯೋಚನೆ ಮಾಡೋ ಕೆಲಸವೇ ಉಳಿಯಲಿಲ್ಲ. ಹಾಗಾಗಿ ರಾತ್ರಿ ಹೊತ್ತು ಎಲ್ಲವೂ ಬಹುವಚನದಲ್ಲಿ: "ಡಾಕ್ಟರ್ ಅವರು ಕಣ್ಣು ಬಿಡಿ. ಯಾರನ್ನ ಉಳಿಸ್ತೀರಿ? ಆಯ್ತು, ಮಲ್ಕೊಳ್ಳಿ." ಕನ್ನಡದ ಗೌರವವಾಚಕದಲ್ಲಿ ಗಂಡೋ ಹೆಣ್ಣೋ, ಒಬ್ಬರೋ ಇಬ್ಬರೋ ಯಾವುದೂ ಗೊತ್ತಾಗಲ್ಲ. ಕಾಯಿಲೆಯೂ ಭಾಷೆಯಲ್ಲೇ, ಮದ್ದೂ ಭಾಷೆಯಲ್ಲೇ.

ಸದ್ದು ಎರಡನೇ ಶತ್ರು. ಬಳೆ, ಜಾಕೆಟ್ ಜಿಪ್, ಪ್ಲಾಸ್ಟಿಕ್ ಕುರ್ಚಿಯ ಕಿರ್ ಶಬ್ದ, ಎಲ್ಲಾ ಸಾಕ್ಷಿ ಹೇಳುತ್ತೆ. ರಾತ್ರಿ ಪೂರ್ತಿ ಎಲ್ಲರೂ ತೊಡೆ ಮೇಲೆ ಮೆಲ್ಲಗೆ ತಾಳ ಹಾಕ್ತಾ ಇರಲಿ, ಸಣ್ಣ ಸದ್ದೆಲ್ಲ ಮುಚ್ಚಿಹೋಗುತ್ತೆ. ಫೋನುಗಳು ಮಧ್ಯದಲ್ಲಿ ಒಂದು ಬ್ಯಾಗಿನಲ್ಲಿ. ಭಾಗವತರ ಧ್ವನಿಯೂ ದಿಕ್ಕು ತೋರಿಸುತ್ತೆ: ಪೊಲೀಸ್ ಕಡೆ ತಿರುಗಿ "ಹೌದು" ಅಂದ್ರೆ ಪಕ್ಕದಲ್ಲಿ ಕೂತವನಿಗೆ ಗೊತ್ತಾಗಿಬಿಡುತ್ತೆ. ಮಾತಾಡುವಾಗ ವೃತ್ತದ ಸುತ್ತ ನಡೀತಾ ಇರಿ, ಉತ್ತರ ಮಾತ್ರ ನಿಂತು, ತಲೆಯಾಡಿಸಿ ಕೊಡಿ. ಸತ್ತವರ ಪಾತ್ರ ಬಯಲು ಮಾಡದೆ ಆಡೋದಾದ್ರೆ, ಪೊಲೀಸ್ ಸತ್ತು ಎರಡು ರಾತ್ರಿ ಆಗಿದ್ರೂ "ಪೊಲೀಸ್ ಅವರು ಕಣ್ಣು ಬಿಡಿ" ಅಂತ ಕರೆದು, ಮೊದಲಿನಷ್ಟೇ ಹೊತ್ತು ಕಾಯಿರಿ. ಹೊಸಬರ ಜೊತೆ ಪಾತ್ರ ಬಯಲು ಮಾಡೋದೇ ಒಳ್ಳೇದು, ಅವರಿಗೆ ಹಿಡಿದುಕೊಳ್ಳೋಕೆ ಏನಾದ್ರೂ ಬೇಕು.

ಹಗಲು ಎಷ್ಟು ಹೊತ್ತು? ಐದು ನಿಮಿಷ, ಹೆಚ್ಚೆಂದರೆ ಏಳು. ಮೊದಲ ಸಲ ನಾವು ಸಮಯ ಇಡಲೇ ಇಲ್ಲ. ಒಂದೊಂದು ಹಗಲು ಇಪ್ಪತ್ತು ನಿಮಿಷ ಎಳೆದು, ಮೂರು ಜನ ಜೋರಾಗಿ ಕೂಗ್ತಾ, ಉಳಿದವರು ಬ್ಯಾಗಿಂದ ಫೋನ್ ತೆಗೆಯೋಕೆ ಶುರು ಮಾಡಿದ್ರು.

ಆ ರಾತ್ರಿಯ ವಿಷಯಕ್ಕೇ ಬರ್ತೀವಿ. ರಾಯಚೂರು ಕಡೆಯ ಒಬ್ಬ ಹುಡುಗ ನಮ್ಮ ಬ್ಯಾಚಿಗೆ ಹೊಸದಾಗಿ ಬಂದಿದ್ದ. ಮೊದಲ ಆಟದಲ್ಲಿ ಸುಮ್ಮನೆ ಕೂತಿದ್ದ. "ಇವ್ನು ಮಾತೇ ಆಡ್ತಿಲ್ಲ, ಪಕ್ಕಾ ಇವ್ನೇ" ಅಂತ ಯಾರೋ ಅಂದ್ರು, ಎರಡು ನಿಮಿಷದಲ್ಲಿ ಔಟ್. ಊರವನು. ಎರಡನೇ ಆಟದಲ್ಲಿ ಪಾಪ, ಪಾಠ ಕಲಿತು ಮಾತಾಡಿದ. "ನಂಗೇನ್ ಗೊತ್ತಿಲ್ರಿ, ನಾ ಅಲ್ರಿ" ಅಂದ. ನಮ್ಮಲ್ಲಿ ಕೆಲವರು ನಕ್ಕರು. ಆ 'ರಿ'ಯನ್ನ ಇನ್ನೊಬ್ಬ ಅಣಕಿಸಿದ. ನಗುವಿನಲ್ಲೇ ಕೈಗಳು ಎದ್ದವು, ಮತ್ತೆ ಔಟ್. ಮತ್ತೆ ಊರವನು. ಮೂರನೇ ಆಟದಲ್ಲಿ ಮಾಫಿಯಾ ಅವನನ್ನ ಮೊದಲ ರಾತ್ರಿಯೇ ಎತ್ತಿತು, ಸುಮ್ಮನೆ ತಮಾಷೆಗೆ. ಅವನು ಯಾವಾಗ ಎದ್ದು ಹಾಸ್ಟೆಲಿಗೆ ಹೋದ ಅಂತ ನಮಗೆ ಗೊತ್ತೇ ಆಗಲಿಲ್ಲ. ಕೊನೇಲಿ ಕುರ್ಚಿ ಜೋಡಿಸುವಾಗ ಒಂದು ಖಾಲಿ ಇತ್ತು.

ಮರುದಿನ ಮೆಸ್ಸಲ್ಲಿ ಸಿಕ್ಕಾಗ, "ಯಾಕೋ ಹೋದೆ, ಆಟ ಇಷ್ಟ ಆಗ್ಲಿಲ್ವಾ?" ಅಂದ್ವಿ. "ನಾ ಆಟ ಎಲ್ಲಿ ಆಡೀನಿ? ಬರೇ ಕುಂತಿದ್ದೆ" ಅಂದ. ಅವನ ದನಿಯಲ್ಲಿ ಸಿಟ್ಟೂ ಇರ್ಲಿಲ್ಲ. ಅದೇ ನಮಗೆ ಜಾಸ್ತಿ ಚುಚ್ಚಿದ್ದು.

ಆಮೇಲೆ ನಾವು ಮೂರು ಬದಲಾವಣೆ ಮಾಡಿದ್ವಿ, ಈಗ ಅದಿಲ್ಲದೆ ಆಡಿಸೋದೇ ಇಲ್ಲ. ಹಗಲು ಶುರುವಾದ ತಕ್ಷಣ ಚರ್ಚೆ ಇಲ್ಲ. ವೃತ್ತದಲ್ಲಿ ಒಬ್ಬೊಬ್ಬರಿಗೂ ಇಪ್ಪತ್ತು ಸೆಕೆಂಡು, ಯಾರ ಮೇಲೆ ಅನುಮಾನ, ಯಾಕೆ. ಆ ಹೊತ್ತಲ್ಲಿ ಬೇರೆ ಯಾರೂ ಬಾಯಿ ಹಾಕುವಂತಿಲ್ಲ. ಇದಾದ ಮೇಲೆ ಸುಮ್ಮನಿರೋದು ಯಾರ ವಿರುದ್ಧವೂ ಸಾಕ್ಷಿ ಆಗಲ್ಲ, ಎಲ್ಲರೂ ಮಾತಾಡಿಯೇ ಇರ್ತಾರೆ. ಎರಡನೇದು, ಒಂದು ಆಟದಲ್ಲಿ ಮೊದಲು ಔಟಾದವರನ್ನ ಮುಂದಿನ ಆಟದ ಮೊದಲ ರಾತ್ರಿ ಮಾಫಿಯಾ ಮುಟ್ಟುವಂತಿಲ್ಲ. ಈ ಒಂದು ನಿಯಮಕ್ಕೆ ಗಣಿತದ ಸಮರ್ಥನೆ ಏನೂ ಇಲ್ಲ, ನಮಗದು ಬೇಕು ಅಷ್ಟೇ. ಮೂರನೇದು, ಮಾತಿನ ಶೈಲಿ ಸಾಕ್ಷಿಯಲ್ಲ. 'ಅವನು ತೊದಲಿದ', 'ಅವಳ ಉಚ್ಚಾರ ಹಂಗಿತ್ತು' ಅಂತ ವಾದ ಮಾಡಿದ್ರೆ ಭಾಗವತರು ಅಲ್ಲೇ ತಡೀತಾರೆ. ಮಂಗಳೂರಿನ ಕನ್ನಡ, ಧಾರವಾಡದ ಕನ್ನಡ, ನಮ್ಮಂಥವರ ಅರ್ಧ ಇಂಗ್ಲಿಷ್ ಕನ್ನಡ, ಯಾವುದರಲ್ಲೂ ಸುಳ್ಳಿನ ವಾಸನೆ ಬೇರೆ ಇರಲ್ಲ.

ನಮ್ಮ ಬಗ್ಗೆಯೇ ಒಂದು ಮಾತು. ಇಂಗ್ಲಿಷಲ್ಲಿ ಆಡುವಾಗ ನಾವು ಮೂರು ನಾಲ್ಕು ಜನ ಸಿಕ್ಕಾಪಟ್ಟೆ ಗೆಲ್ತಿದ್ವಿ. ಕನ್ನಡದಲ್ಲಿ ಆಡೋದು ಅಂತ ಸಂಘದಲ್ಲಿ ತೀರ್ಮಾನ ಆದ ಮೇಲೆ ಸೋಲೋಕೆ ಶುರು. ಸುಳ್ಳು ಹೇಳುವಾಗ ಪದ ಹುಡುಕ್ತಾ ನಿಂತ್ರೆ ಎಲ್ಲರಿಗೂ ಅನುಮಾನ ಬರುತ್ತೆ. ಆಗ ಅರ್ಥ ಆಯ್ತು, ಇಂಗ್ಲಿಷ್ ಆಟದಲ್ಲಿ ಸುಮ್ಮನಿದ್ದವರೆಲ್ಲ ಯಾಕೆ ಸುಮ್ಮನಿದ್ರು ಅಂತ.

ಇನ್ನು ಆಡುವವರಿಗೆ. ನೀವು ಊರವರಾದ್ರೆ ಮುಖ ನೋಡಿ ಹಿಡಿತೀನಿ ಅನ್ನೋ ಭ್ರಮೆ ಬಿಡಿ. ವೋಟ್ ನೋಡಿ. ಯಾರು ಯಾರಿಗೆ ಕೈ ಎತ್ತಿದ್ರು ಅಂತ ಒಂದು ಹಾಳೆಯಲ್ಲಿ ಬರೆದಿಡಿ. ಊರವನೊಬ್ಬ ಔಟಾದಾಗ, ಫಲಿತಾಂಶ ಖಚಿತ ಆಗುವ ಹೊತ್ತಿಗೆ ಮೆಲ್ಲಗೆ ಸೇರಿಕೊಂಡ ಕೊನೆಯ ಒಂದೆರಡು ಕೈ ಯಾರದು? ಮಾಫಿಯಾ ಔಟಾದ ಮೇಲೆ ಹಿಂದೆ ತಿರುಗಿ ನೋಡಿ, ಅವರು ಯಾರ ಮೇಲೆ ಒಂದು ಸಲವೂ ಅನುಮಾನ ಪಡಲಿಲ್ಲ? ನಾಲಿಗೆ ಸುಳ್ಳು ಹೇಳುತ್ತೆ, ಆದ್ರೆ ಎತ್ತಿದ ಕೈಯನ್ನ ಆಮೇಲೆ ಇಳಿಸೋಕಾಗಲ್ಲ.

ಪೊಲೀಸ್ ಆಗಿದ್ರೆ ಮೊದಲ ಬೆಳಗ್ಗೆಯೇ ಎದೆ ತಟ್ಟಿಕೊಂಡು ಹೇಳ್ಬೇಡಿ, ಅವತ್ತು ರಾತ್ರಿಯೇ ನಿಮ್ಮ ತಿಥಿ. ಕೈಯಲ್ಲಿ ಒಬ್ಬ ಮಾಫಿಯಾ ಸಿಕ್ಕ ಮೇಲೆ, ಅಥವಾ ನಿಮ್ಮನ್ನೇ ಔಟ್ ಮಾಡೋಕೆ ಹೊರಟಾಗ ಹೇಳಿ. ಇನ್ನೊಬ್ಬ ಎದ್ದು "ಅಲ್ಲ, ನಾನು ಪೊಲೀಸ್" ಅಂದ್ರೆ ಊರವರು ಗಾಬರಿ ಆಗ್ಬೇಡಿ, ಖುಷಿ ಪಡಿ. ಊರವರು ಸುಮ್ಮನೆ ಸುಳ್ಳು ಪೊಲೀಸ್ ಆಗದಿದ್ರೆ, ಆ ಇಬ್ಬರಲ್ಲಿ ಒಬ್ಬ ಖಂಡಿತ ಮಾಫಿಯಾ.

ಮಾಫಿಯಾ ಆದವರು ಮಾಡೋ ದೊಡ್ಡ ತಪ್ಪು, ಗೊತ್ತಿರೋದನ್ನ ಮುಚ್ಚಿಡೋಕೆ ಹೋಗೋದು. ಹಾಗಲ್ಲ. ನಿಮಗೆ ನಿಜವಾಗ್ಲೂ ಊರವರ ಚೀಟಿ ಬಂದಿದ್ರೆ ಇವತ್ತು ಯಾರ ಮೇಲೆ ಅನುಮಾನ ಪಡ್ತಿದ್ರಿ ಅಂತ ಯೋಚಿಸಿ, ಅದನ್ನೇ ಹೇಳಿ. ಜೊತೆಗಾರ ಸಿಕ್ಕಿಬಿದ್ರೆ ವಕಾಲತ್ತಿಗೆ ನಿಲ್ಲಬೇಡಿ.

ಒಂದು ಕಟ್ಟುನಿಟ್ಟಿನ ನಿಷೇಧ: ಆಣೆ. 'ದೇವರಾಣೆ ನಾನಲ್ಲ', 'ಅಮ್ಮನಾಣೆ', ತಲೆ ಮೇಲೆ ಕೈ ಇಟ್ಟು ಪ್ರಮಾಣ, ಯಾವುದೂ ಇಲ್ಲ. ಸುಳ್ಳು ಆಣೆ ಹಾಕಲಾರದ ಹುಡುಗ ಮಾಫಿಯಾ ಆದ ಕೂಡಲೇ ಸಿಕ್ಕಿಬೀಳ್ತಾನೆ, ಹಾಕಬಲ್ಲವನು ರಾತ್ರಿ ನಿದ್ದೆ ಬರದೆ ಒದ್ದಾಡ್ತಾನೆ. ನಮ್ಮಲ್ಲಿ ಎರಡೂ ಆಗಿದೆ. ಹಾಗೇ, ಹೊರಗಿನ ವಿಷಯ ಒಳಗೆ ತರಬೇಡಿ. "ಇವನು ಅಸೈನ್‌ಮೆಂಟಲ್ಲೂ ನಂಗೆ ಮೋಸ ಮಾಡಿದ್ದ" ಅನ್ನೋದು ಅನುಮಾನ ಅಲ್ಲ, ಹಳೇ ಬಾಕಿ.

ಔಟಾದವರನ್ನ ಏನ್ಮಾಡೋದು? ಅವರು ಕಣ್ಣು ಬಿಟ್ಟು ರಾತ್ರಿ ನೋಡಬಹುದು, ಆದ್ರೆ ಹುಬ್ಬು ಕೂಡ ಹಾರಿಸಬಾರದು. ನಾವು ಮೊದಲು ಔಟಾದವರನ್ನ ಭಾಗವತರ ಪಕ್ಕ ಕೂರಿಸ್ಕೊಂಡು ಸಮಯ ನೋಡೋಕೆ, ವೋಟ್ ಎಣಿಸೋಕೆ ಹಚ್ತೀವಿ. ಎರಡನೆಯವರು ಬೆಳಗಿನ ಸುದ್ದಿ ಓದ್ತಾರೆ: ಸತ್ತವರು ಹೇಗೆ ಸತ್ತರು ಅನ್ನೋ ಕಥೆ ಕಟ್ಟಿ ಹೇಳೋದು. ಮೆಸ್ಸಿನ ಸಾಂಬಾರ್ ಕುಡಿದು, ಇಂಟರ್ನಲ್ಸ್ ಟೈಮ್‌ಟೇಬಲ್ ನೋಡಿ, ಶಾರ್ಟೇಜ್ ಲಿಸ್ಟಲ್ಲಿ ಹೆಸರು ಕಂಡು, ಹೀಗೆ ನಮ್ಮ ಊರಲ್ಲಿ ಜನ ನಾನಾ ರೀತಿ ಸತ್ತಿದ್ದಾರೆ.

ರಾಯಚೂರಿನ ಗೆಳೆಯ ಬರೋಕೆ ಎರಡು ತಿಂಗಳು ಬೇಕಾಯ್ತು. ಬಂದವನನ್ನ ಕೂತು ಆಡು ಅನ್ನಲಿಲ್ಲ, ಭಾಗವತ ಆಗ್ತೀಯಾ ಅಂತ ಕೇಳಿದ್ವಿ. "ನಂಗ ನಿಮ್ಮಂಗ ಹೇಳಾಕ ಬರಂಗಿಲ್ಲ" ಅಂದ. ನಿನ್ನ ಹಾಗೇ ಹೇಳು ಅಂದ್ವಿ. ಫ್ರೆಶರ್ಸ್ ದಿನ ನಿಮ್ಮನ್ನೆಲ್ಲ ಆಡಿಸಿದವನು ಅವನೇ. ನಾವು ಕೂಡ ವೃತ್ತದಲ್ಲಿ ಕಣ್ಣು ಮುಚ್ಚಿ ಕೂತಿದ್ವಿ. ಸುತ್ತ ನಡೀತಾ, ಯಾವ ದಿಕ್ಕಿಂದ ಅಂತ ಗೊತ್ತಾಗದ ಹಾಗೆ, "ಊರ ಮಂದಿ ಎಲ್ಲಾರೂ ಮಕ್ಕೊಳ್ರಿ... ಮಾಫಿಯಾದೋರು ಕಣ್ ತೆಗೀರಿ" ಅಂದ. ಯಾರೂ ನಗಲಿಲ್ಲ. ಪಕ್ಕದಲ್ಲಿದ್ದ ಜೂನಿಯರ್ ತಾಳ ಹಾಕೋದನ್ನ ಮರೆತು ಉಸಿರು ಬಿಗಿಹಿಡಿದಿದ್ದು ಮಾತ್ರ ಕೇಳಿಸ್ತು. ನಮ್ಮ ಚೀಟಿಯಲ್ಲಿ ಅವತ್ತು ಮಾಫಿಯಾ ಅಂತ ಇತ್ತು. ಎರಡನೇ ಹಗಲಿಗೇ ಸಿಕ್ಕಿಬಿದ್ವಿ.